ಪೋಸ್ಟರಿನಾಚೆಯ ಆಡ್ರೆ: ಹಸಿವಿನಿಂದ ಅಪೆಂಡಿಕ್ಸಿನ ಗಡ್ಡೆಯವರೆಗೆ

ಕಪ್ಪು ಉಡುಪು, ಮುತ್ತಿನ ಹಾರ, ದೊಡ್ಡ ಕಣ್ಣು. ಆಡ್ರೆ ಹೆಪ್‌ಬರ್ನ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಕೆಫೆ ಗೋಡೆಯ ಈ ಪೋಸ್ಟರ್ ಮಾತ್ರ. ಆದರೆ ಆಕೆಯ ಬದುಕು ರೂಪುಗೊಂಡಿದ್ದು ಹಸಿವಿನಲ್ಲಿ, ಮುಗಿದಿದ್ದು ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆದ ಗಡ್ಡೆಯಿಂದ. ಎರಡನ್ನೂ ರಾಜಕೀಯದ ಕಣ್ಣಿಂದಲೇ ನೋಡಬೇಕು ಅನ್ನೋದು ನನ್ನ ವಾದ.

ಆಡ್ರೆ ಹುಟ್ಟಿದ್ದು 1929ರ ಮೇ 4ರಂದು, ಬ್ರಸೆಲ್ಸ್ ಪಕ್ಕದ ಇಕ್ಸೆಲ್‌ನಲ್ಲಿ. ತಾಯಿಯದು ಡಚ್ ಸಿರಿವಂತ ಮನೆತನ. 1930ರ ದಶಕದಲ್ಲಿ ತಂದೆ-ತಾಯಿ ಇಬ್ಬರೂ ಬ್ರಿಟನ್ನಿನ ಫ್ಯಾಸಿಸ್ಟರ ಕಡೆ ವಾಲಿದ್ದವರು. 1935ರಲ್ಲಿ ತಂದೆ ಮನೆ ಬಿಟ್ಟು ಹೋದರು. ಯುದ್ಧ ಶುರುವಾದಾಗ ತಾಯಿ ಮಗಳನ್ನು ನೆದರ್ಲೆಂಡ್ಸಿಗೆ ಕರೆಸಿಕೊಂಡರು. 1940ರಲ್ಲಿ ಅಲ್ಲಿಗೂ ನಾಜಿಗಳು ಬಂದರು. 1942ರಲ್ಲಿ ಆಡ್ರೆಯ ದೊಡ್ಡಮ್ಮನ ಗಂಡನನ್ನೇ ಗುಂಡಿಟ್ಟು ಕೊಂದರು. ಯಾವ ಸಿದ್ಧಾಂತವನ್ನು ಹೆತ್ತವರು ಮೆಚ್ಚಿದ್ದರೋ, ಅದೇ ಅವರ ಮನೆಬಾಗಿಲಿಗೆ ಬಂದಿತ್ತು.

1944-45ರ ಚಳಿಗಾಲದಲ್ಲಿ ಜರ್ಮನ್ನರು ಪಶ್ಚಿಮ ನೆದರ್ಲೆಂಡ್ಸಿಗೆ ಆಹಾರ ಹೋಗೋದನ್ನು ತಡೆದರು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಅದು ಬರ ಅಲ್ಲ, ಶಿಕ್ಷೆ. ಹದಿಹರೆಯದ ಆಡ್ರೆಗೆ ರಕ್ತಹೀನತೆ, ಕಾಮಾಲೆ ಬಂತು, ಮೈಯೆಲ್ಲ ಊದಿಕೊಂಡಿತು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯಿಂದ ಬಂದ ಆಹಾರವನ್ನು ಆಕೆ ಕೊನೆತನಕ ಮರೆಯಲಿಲ್ಲ.

ಬ್ಯಾಲೆ ನರ್ತಕಿಯಾಗುವ ಕನಸು ಕೈಗೂಡಲಿಲ್ಲ. 1953ರ ‘ರೋಮನ್ ಹಾಲಿಡೇ’ ಆಸ್ಕರ್ ತಂದುಕೊಟ್ಟಿತು. ಮುಂದಿನ ಸಿನಿಮಾ ಕಥೆ ಎಲ್ಲರಿಗೂ ಗೊತ್ತು. ನನಗೆ ಮುಖ್ಯವಾಗೋದು 1988ರ ನಂತರದ ಆಡ್ರೆ. ಆ ವರ್ಷ ಯುನಿಸೆಫ್ ಪರವಾಗಿ ಬರಪೀಡಿತ ಇಥಿಯೋಪಿಯಕ್ಕೆ ಹೋದರು. ಬಾಂಗ್ಲಾದೇಶ, ವಿಯೆಟ್ನಾಂ ಸುತ್ತಿದರು. 1992ರ ಸೆಪ್ಟೆಂಬರಿನಲ್ಲಿ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಸೊಮಾಲಿಯ. ತಾನು ಮಗುವಾಗಿದ್ದಾಗ ಕಂಡ ಹಸಿವನ್ನೇ ಅಲ್ಲಿನ ಮಕ್ಕಳಲ್ಲಿ ಕಂಡರು, ಜಗತ್ತಿನ ಮುಂದೆ ಅದನ್ನು ಹೇಳುತ್ತಲೇ ಹೋದರು.

ಸೊಮಾಲಿಯದಿಂದ ಸ್ವಿಟ್ಜರ್ಲೆಂಡಿನ ಮನೆಗೆ ವಾಪಸಾದ ಮೇಲೆ ಹೊಟ್ಟೆನೋವು. ಅಲ್ಲಿನ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿ ಏನೂ ಗೊತ್ತಾಗಲಿಲ್ಲ. ನವೆಂಬರ್ ಆರಂಭದಲ್ಲಿ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಲ್ಯಾಪರೋಸ್ಕೋಪಿ ಮಾಡಿದಾಗ ನಿಜ ಕಂಡಿತು. ಅಪೆಂಡಿಕ್ಸಿನಲ್ಲಿ ಹುಟ್ಟಿದ ಅಪರೂಪದ ಕ್ಯಾನ್ಸರ್ ವರ್ಷಗಟ್ಟಲೆ ನಿಧಾನವಾಗಿ ಬೆಳೆದು, ಸಣ್ಣಕರುಳಿನ ಮೇಲೆ ತೆಳು ಪದರದಂತೆ ಹರಡಿಬಿಟ್ಟಿತ್ತು. ಶಸ್ತ್ರಚಿಕಿತ್ಸೆ, ಕೀಮೋ ಎರಡೂ ಆಯಿತು. 1993ರ ಜನವರಿ 20ರಂದು, 63ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಗಡ್ಡೆಗಳ ಸ್ವಭಾವವೇ ಹಾಗೆ. ಅಪೆಂಡಿಸೈಟಿಸ್ ಅಂತ ಆಪರೇಷನ್ ಮಾಡಿಸಿಕೊಂಡವರಲ್ಲಿ ಹೆಚ್ಚುಕಮ್ಮಿ 100ಕ್ಕೆ ಒಬ್ಬರಲ್ಲಿ ಗಡ್ಡೆ ಸಿಗುತ್ತೆ. ಎಷ್ಟೋ ಸಲ ಅದು ಗೊತ್ತಾಗೋದು ತೆಗೆದ ಅಪೆಂಡಿಕ್ಸನ್ನು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಿದಾಗಲೇ. ಚಿಕ್ಕದಿದ್ದರೆ ಬಹಳಷ್ಟು ಜನರಿಗೆ ಆ ಆಪರೇಷನ್ನೇ ಸಾಕು. ತಡವಾದರೆ ಆಡ್ರೆಗೆ ಆದದ್ದೇ ಆಗಬಹುದು.

ಹಣ, ಹೆಸರು, ಒಳ್ಳೆಯ ಆಸ್ಪತ್ರೆ ಎಲ್ಲ ಇದ್ದ ಆಡ್ರೆಗೇ ಹೀಗಾಯಿತು. ಹಾಗಾದರೆ ಪೀಣ್ಯದ ಶೆಡ್ಡಿನಲ್ಲಿ ಎರಡು ಪಾಳಿ ದುಡಿಯುವ ಗುತ್ತಿಗೆ ಕಾರ್ಮಿಕರ ಗತಿ ಏನು? ಹೊಟ್ಟೆ ನೋವು ಅಂದ್ರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಷಿನ್ ಮುಂದೆ ನಿಲ್ಲೋರು ಅವರು. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತೆ. ಇಎಸ್‌ಐ ಕಾರ್ಡ್ ಇದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಸಿಗುತ್ತೆ ನಿಜ, ಆದರೆ ಸಾಮಾನ್ಯವಾಗಿ ಮೊದಲ 2 ದಿನಕ್ಕೆ ಏನೂ ಇಲ್ಲ. ವೈದ್ಯರನ್ನು ನೋಡಲು ಹೋಗಬೇಕಾಗಿರೋದೇ ಆ ಎರಡು ದಿನದಲ್ಲಿ! ಕಾರ್ಡೇ ಇಲ್ಲದವರ ಮಾತು ಬಿಡಿ. ಹೊಸೂರು ರಸ್ತೆಯಲ್ಲಿ 1973ರಿಂದ ಕಿದ್ವಾಯಿ ಇದೆ. ಅಲ್ಲಿವರೆಗೆ ಹೋಗೋಕೆ ಮೊದಲು ಯಾರಾದರೂ ಕ್ಯಾನ್ಸರ್ ಇರಬಹುದು ಅಂತ ಅನುಮಾನ ಪಡಬೇಕಲ್ಲ?

ಆದ್ದರಿಂದ ಕಾಯಿಲೆ ಬಿದ್ದ ಮೊದಲ ದಿನದಿಂದಲೇ ಕೂಲಿ ಸಿಗಬೇಕು. ಗುತ್ತಿಗೆಯವರಿಗೂ ಕಾರ್ಡ್ ಬೇಕು. ಅಪೆಂಡಿಕ್ಸ್ ತೆಗೆದರೆ ಬಯಾಪ್ಸಿ ಕಡ್ಡಾಯವಾಗಬೇಕು, ಅದರ ರಿಪೋರ್ಟು ರೋಗಿಯ ಕೈಗೆ ಬರಬೇಕು. ಹಸಿವು ಹಣೆಬರಹ ಅಲ್ಲ, ಯಾರೋ ತೆಗೆದುಕೊಂಡ ತೀರ್ಮಾನ ಅಂತ ಆಡ್ರೆಯ ಬಾಲ್ಯ ಹೇಳುತ್ತೆ. ಕಾರ್ಮಿಕರ ಕಾಯಿಲೆ ತಡವಾಗಿ ಪತ್ತೆಯಾಗೋದೂ ಹಾಗೇ. ತೀರ್ಮಾನ ಆಗಿದ್ದರೆ, ಅದನ್ನು ಬದಲಿಸಲೂ ಬಹುದು.