ಕಲ್ಯಾಣದಿಂದ ಎಣ್ಣೆಹೊಳೆಯವರೆಗೆ: ಶಿವಶರಣೆ ಅಕ್ಕನಾಗಮ್ಮನವರು

ಹುಮನಾಬಾದಿನ ಮಾರ್ಗವಾಗಿ ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಬಿಟ್ಟು ಊರಿನತ್ತ ತಿರುಗುತ್ತಾರೆ. ಕೋಟೆಯನ್ನೂ ತ್ರಿಪುರಾಂತಕ ಕೆರೆಯನ್ನೂ ಅನುಭವ ಮಂಟಪವನ್ನೂ ದರ್ಶಿಸಿ ಕೃತಾರ್ಥರಾಗುವವರು ಬಹು ಜನ. ಅಕ್ಕನಾಗಮ್ಮನವರ ಗವಿಯವರೆಗೆ ಹೋಗಿ ಅಲ್ಲಿ ಒಂದು ಗಳಿಗೆ ನಿಲ್ಲುವವರು ಕಡಿಮೆ. ಬಸವಣ್ಣನವರ ಅಕ್ಕ, ಚನ್ನಬಸವಣ್ಣನವರ ತಾಯಿ ಎಂದು ಹೇಳಿದರೆ ಅವರ ಪರಿಚಯ ಮುಗಿಯಿತೆಂದು ಭಾವಿಸುವುದು ಲೋಕರೂಢಿ. ಶರಣರಿಗೆ ಕಲ್ಯಾಣ ಪಟ್ಟಣವೇ ಮೃತ್ಯುವಿನ ಬಾಯಾದ ಆ ದಿನಗಳಲ್ಲಿ, ಜನರನ್ನೂ ವಚನದ ಕಟ್ಟುಗಳನ್ನೂ ಕಾಪಾಡಿ ಹೊರಗೊಯ್ದ ಸಮೂಹದ ನಡುವೆ ಈ ತಾಯಿ ಇದ್ದರೆಂಬುದು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ.

ಅವರ ಜೀವಿತವನ್ನು ಬರೆಯುವವನಿಗೆ ಆಧಾರಗಳು ಸ್ವಲ್ಪ. ಅರ್ಜುನವಾಡದ 1260ರ ಶಾಸನವು ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನ ಮಹಿಮೆಯನ್ನು ಹೇಳುತ್ತದೆ; ಕಲ್ಯಾಣದ ವಿಪ್ಲವದ ಕಥೆಯನ್ನು ಹೇಳುವುದಿಲ್ಲ. ಆ ಕಥೆಗೆ ಪುರಾಣಗಳನ್ನೇ ಮೊರೆಹೋಗಬೇಕು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ, ಅನಂತರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಮೊದಲಾದವು ಭಕ್ತಿಯಿಂದ ಬರೆದವು, ಚರಿತ್ರೆಗಾಗಿ ಬರೆದವಲ್ಲ. ಆದರೆ ಪುರಾಣದ ಮಾತೆಂದು ಎಲ್ಲವನ್ನೂ ತಳ್ಳಿಹಾಕುವುದು ಜಾಣತನವಲ್ಲ. ಮಲಪ್ರಭೆಯ ದಂಡೆಯಿಂದ ಸಹ್ಯಾದ್ರಿಯ ಕಾಡಿನವರೆಗೆ ಹರಡಿರುವ ಗದ್ದುಗೆಗಳೂ ಸ್ಥಳನಾಮಗಳೂ ಜನರ ನೆನಪೂ ಆ ಕಥೆಯ ಜೊತೆಗೇ ಹೆಜ್ಜೆಹಾಕುತ್ತವೆ.

ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸ, ಮಾದಲಾಂಬಿಕೆಯರ ಮಗಳಾಗಿ ನಾಗಮ್ಮನವರು ಜನಿಸಿದರು. ತಮ್ಮನಿಗೆ ಉಪನಯನದ ಸಿದ್ಧತೆ ನಡೆದಾಗ ಬಾಲಕನು ಅದನ್ನು ನಿರಾಕರಿಸಿ ಮನೆಯಿಂದ ಹೊರಟನೆಂದೂ ಅಕ್ಕನು ಅವನ ಜೊತೆಯಲ್ಲಿಯೇ ಹೊಸ್ತಿಲು ದಾಟಿದರೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಹರಿಹರನ ರಗಳೆ ಇದನ್ನೇ ಬೇರೊಂದು ಬಗೆಯಲ್ಲಿ ಹೇಳಿದೆ. ಯಾವ ಬಗೆಯನ್ನು ಒಪ್ಪಿದರೂ ತಮ್ಮನ ನಂಬಿಕೆಗಾಗಿ ತವರಿನ ಮಾನಮರ್ಯಾದೆಗಳನ್ನು ತೊರೆದು ಬಂದ ಹೆಣ್ಣುಮಗಳೆಂಬ ಚಿತ್ರ ಜನಮನದಲ್ಲಿ ಅಚ್ಚೊತ್ತಿ ನಿಂತಿದೆ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ ತಮ್ಮನ ವಿದ್ಯಾಭ್ಯಾಸ ನಡೆಯಿತು. ಶಿವಸ್ವಾಮಿಗಳೆಂಬವರು ನಾಗಮ್ಮನವರ ಪತಿ. ಚನ್ನಬಸವಣ್ಣನವರ ಜನನದ ಬಗೆಗೆ ಪುರಾಣಗಳಲ್ಲಿ ಪವಾಡದ ಕಥೆಗಳು ಹೇರಳವಾಗಿವೆ; ಅವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಅಂದಿನ ಕಲ್ಯಾಣ ಸಾಮಾನ್ಯ ಊರಲ್ಲ. ಹನ್ನೊಂದನೆಯ ಶತಮಾನದಿಂದ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ಬಿಲ್ಹಣ ವಿಜ್ಞಾನೇಶ್ವರರಂಥವರು ಬಾಳಿದ ವಿದ್ಯಾನಗರಿ. ಮಂಗಳವೇಢೆಯ ಕಳಚುರಿ ಮಾಂಡಲಿಕನಾದ ಬಿಜ್ಜಳನು ಚಾಲುಕ್ಯರ ಬಲ ಕುಂದಿದ್ದನ್ನು ಕಂಡು ಆ ಸಿಂಹಾಸನವನ್ನು ವಶಪಡಿಸಿಕೊಂಡನು. ಅವನ ಭಂಡಾರಿಯಾದ ಬಸವಣ್ಣನವರ ಮಹಾಮನೆಗೆ ಚಮ್ಮಾರ, ಅಗಸ, ಅಂಬಿಗ, ಸೂಳೆವೃತ್ತಿಯನ್ನು ಬಿಟ್ಟು ಬಂದ ಹೆಂಗಸು, ರಾಜ್ಯವನ್ನು ಬಿಟ್ಟು ಬಂದ ಅರಸು ಎಲ್ಲರೂ ಬಂದರು. ಬಂದವರೆಲ್ಲರಿಗೂ ಉಣಬಡಿಸಬೇಕಲ್ಲವೆ? ಮಹಾಮನೆಯ ದಾಸೋಹದ ಹೊರೆಯಲ್ಲಿ ನೀಲಾಂಬಿಕೆ ಗಂಗಾಂಬಿಕೆಯರೊಂದಿಗೆ ಅಕ್ಕನಾಗಮ್ಮನವರೂ ಹೆಗಲು ಕೊಟ್ಟರು. ಯಾರು ಯಾವ ಊರಿನಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅಡುಗೆಮನೆಗೆ ತಿಳಿದಷ್ಟು ಅನುಭವಗೋಷ್ಠಿಗೂ ತಿಳಿದಿರಲಾರದು. ಮುಂದೆ ಬಂದ ಕಷ್ಟಕಾಲದಲ್ಲಿ ಉಪಯೋಗಕ್ಕೆ ಬಂದದ್ದು ಈ ಪರಿಚಯವೇ ಎಂದು ಊಹಿಸಿದರೆ ತಪ್ಪಾಗಲಾರದು.

ಆ ಕಷ್ಟಕಾಲಕ್ಕೆ ನೆವವಾದದ್ದು ಒಂದು ಮದುವೆ. ಸಮಗಾರ ಹರಳಯ್ಯನವರ ಮಗ ಶೀಲವಂತನಿಗೆ, ಬ್ರಾಹ್ಮಣಕುಲದಿಂದ ಬಂದು ಶರಣರಾಗಿದ್ದ ಮಧುವರಸರ ಮಗಳನ್ನು ಧಾರೆಯೆರೆದು ಕೊಡಲಾಯಿತು. ಶರಣರ ದೃಷ್ಟಿಯಲ್ಲಿ ಅದು ಇಬ್ಬರು ಲಿಂಗವಂತರ ವಿವಾಹ. ಸಂಪ್ರದಾಯಸ್ಥರ ದೃಷ್ಟಿಯಲ್ಲಿ ಘೋರವಾದ ವರ್ಣಸಂಕರ. ದೊರೆಯ ಕಿವಿಗೆ ದೂರು ಬಿತ್ತು. ಹರಳಯ್ಯ ಮಧುವಯ್ಯಗಳನ್ನು ಎಳೆಹೂಟೆಗೆ ಗುರಿಮಾಡಿ, ಆನೆಯ ಕಾಲಿಗೆ ಕಟ್ಟಿ ಊರ ಬೀದಿಗಳಲ್ಲಿ ಎಳೆಸಿ ಕೊಲ್ಲಿಸಿದರೆಂದು ಪುರಾಣಗಳು ಹೇಳುತ್ತವೆ. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮದತ್ತ ನಡೆದರು. ಬಿಜ್ಜಳನ ಕೊಲೆಯಾಯಿತೆಂಬುದು ಪುರಾಣದ ಮಾತು. 1167-68ರ ಸುಮಾರಿಗೆ ಅವನ ಆಳಿಕೆ ಕೊನೆಗೊಂಡು ಮಗ ಸೋವಿದೇವನು ಪಟ್ಟಕ್ಕೆ ಬಂದನೆಂಬುದು ಚರಿತ್ರೆ. ಕೊಂದವರು ಯಾರೇ ಇರಲಿ, ಶಿಕ್ಷೆ ಮಾತ್ರ ಇಡೀ ಸಮುದಾಯದ ತಲೆಯ ಮೇಲೆ ಬಿತ್ತು. ಕೊರಳಲ್ಲಿ ಲಿಂಗವನ್ನು ಕಂಡಷ್ಟೇ ಸಾಕು, ಅಪರಾಧಿಯೆಂದು ಹಿಡಿಯುವ ಕಾಲ ಬಂದಿತು.

ಆಗ ಶರಣರು ಗುಂಪುಗುಂಪಾಗಿ ಊರು ಬಿಟ್ಟರು. ಚನ್ನಬಸವಣ್ಣನವರ ಮುಂದಾಳುತನದಲ್ಲಿ ನೈರುತ್ಯಕ್ಕೆ ನಡೆದ ತಂಡದಲ್ಲಿ ಅಕ್ಕನಾಗಮ್ಮ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಕಿನ್ನರಿ ಬೊಮ್ಮಯ್ಯ ಮೊದಲಾದವರಿದ್ದರು. ಗುರಿ ಉಳವಿ. ನೇರವಾಗಿ ಗೆರೆ ಎಳೆದರೂ ಅದು ಕಲ್ಯಾಣದಿಂದ ಸುಮಾರು 400 ಕಿಲೋಮೀಟರು. ನಡುವೆ ಭೀಮೆ, ಕೃಷ್ಣೆ, ಘಟಪ್ರಭೆ, ಮಲಪ್ರಭೆ ಎಂಬ ನಾಲ್ಕು ಹೊಳೆಗಳು. ಮುದುಕರು, ಬಸುರಿಯರು, ಎದೆಹಾಲಿನ ಕೂಸುಗಳು, ಅವರ ಮೇಲೆ ತಾಳೆಗರಿಯ ಕಟ್ಟುಗಳು. ಅರಸನ ದಂಡು ಕುದುರೆಯ ಮೇಲೆ, ಓಡುವವರು ಕಾಲ್ನಡಿಗೆಯಲ್ಲಿ. ಮಾಚಯ್ಯನವರು ಹಿಂದೆ ನಿಂತು ದಂಡನ್ನು ತಡೆದರೆಂದೂ ಕಾದರವಳ್ಳಿಯ ಬಳಿ ಕಾಳಗವಾಯಿತೆಂದೂ ಕಕ್ಕಯ್ಯನವರು ಕಕ್ಕೇರಿಯಲ್ಲಿ ಮಡಿದರೆಂದೂ ಬೆಳಗಾವಿ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಕಾಳಗದ ಕಥೆಯನ್ನು ಹಾಡಿದವರು ಅನೇಕರು. ಆದರೆ ಕಾದುವವರು ಹಿಂದೆ ನಿಂತಾಗ ಉಳಿದ ಜನವನ್ನು ಮುಂದಕ್ಕೆ ನಡೆಸಿದವರು ಯಾರು? ಕತ್ತಲಲ್ಲಿ ಮಕ್ಕಳ ಅಳುವನ್ನು ಅಡಗಿಸಿ, ಇದ್ದ ಹಿಟ್ಟನ್ನು ಎಲ್ಲರಿಗೂ ಹಂಚಿ, ಹೊಳೆಯ ದಂಡೆಯಲ್ಲಿ ಎಣಿಸಿ ದಾಟಿಸುವ ಕೆಲಸ ಯಾರದೋ ಆಗಿರಲೇಬೇಕು. ಮಹಾಮನೆಯ ಹಿರಿಯ ಹೆಂಗಸಿನ ಹೊರತು ಬೇರೆ ಹೆಸರು ತೋಚುವುದಿಲ್ಲ. ದಾರಿಯ ಹಳ್ಳಿಗಳಲ್ಲಿ ಬಾಗಿಲು ತೆರೆದವರ ಹೆಸರುಗಳಂತೂ ಯಾವ ಪುರಾಣದಲ್ಲಿಯೂ ಇಲ್ಲ. ಅವರು ಬಾಗಿಲು ತೆರೆಯದೆ ಹೋಗಿದ್ದರೆ ಈ ಪಯಣವು ಭೀಮೆಯ ದಂಡೆಯಲ್ಲಿಯೇ ಮುಗಿಯುತ್ತಿತ್ತು.

ಜೀವ ಹೋಗುವ ಸಮಯದಲ್ಲಿ ಓಲೆಗರಿಗಳನ್ನು ಹೊರುವುದೇತಕ್ಕೆ ಎಂದು ಇಂದಿನ ಓದುಗರಿಗೆ ಅನಿಸಬಹುದು. ಇದಕ್ಕೆ ದೂರದ ದೇಶದ, ಸಮೀಪಕಾಲದ ನಿದರ್ಶನವೊಂದುಂಟು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಾತ್ಸಿಗಳು ಪೋಲೆಂಡಿನ ವಾರ್ಸಾ ನಗರವನ್ನು ಆಕ್ರಮಿಸಿ, 1940ರಲ್ಲಿ ಅಲ್ಲಿಯ ಯೆಹೂದ್ಯರನ್ನು ಗೋಡೆ ಕಟ್ಟಿದ ಒಂದು ಕೇರಿಯೊಳಗೆ ಕೂಡಿಹಾಕಿದರು. 4 ಲಕ್ಷಕ್ಕೂ ಮಿಕ್ಕ ಜನ. 1942ರ ಬೇಸಿಗೆಯಲ್ಲಿ ಅವರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕದ ಕೊಲೆಶಿಬಿರಕ್ಕೆ ಸಾಗಿಸಲಾರಂಭಿಸಿದಾಗ, ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರನ ಸಂಗಡಿಗರು ತಾವು ಗುಟ್ಟಾಗಿ ಕೂಡಿಸಿದ್ದ ದಿನಚರಿ, ಪತ್ರ, ಲೇಖನಗಳನ್ನು ತಗಡಿನ ಪೆಟ್ಟಿಗೆಗಳಲ್ಲಿಯೂ ಅನಂತರ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ನೆಲದಲ್ಲಿ ಹೂಳಿದರು. ರಿಂಗೆಲ್‌ಬ್ಲುಮ್‌ನನ್ನೂ ಅವನ ಹೆಂಡತಿ ಮಗನನ್ನೂ ಮೂವತ್ತಕ್ಕೂ ಹೆಚ್ಚು ಜನರೊಂದಿಗೆ ಪೋಲಿಷ್ ಕುಟುಂಬವೊಂದು ನೆಲಮಾಳಿಗೆಯಲ್ಲಿ ಅಡಗಿಸಿ ಸಾಕಿತು. 1944ರ ಮಾರ್ಚಿಯಲ್ಲಿ ಆ ತಾಣ ಪತ್ತೆಯಾಗಿ, ಅಡಗಿದವರ ಜೊತೆಗೆ ಆಶ್ರಯ ಕೊಟ್ಟವರೂ ಹತರಾದರು. ಹೂತ ಕಾಗದಗಳು 1946ರಲ್ಲಿಯೂ 1950ರಲ್ಲಿಯೂ ಹಾಳುಬಿದ್ದ ಮನೆಗಳಡಿಯಿಂದ ಹೊರಬಂದವು. ಆ ಕೇರಿಯ ಜನ ಹೇಗೆ ಬಾಳಿದರೆಂಬುದನ್ನು ಜಗತ್ತು ಕೊಂದವರ ಲೆಕ್ಕಪತ್ರದಿಂದ ಮಾತ್ರವಲ್ಲದೆ ಅವರ ಸ್ವಂತ ಬರವಣಿಗೆಯಿಂದ ಅರಿತದ್ದು ಹೀಗೆ. ಕಲ್ಯಾಣದ ಕಟ್ಟುಗಳ ಬೆಲೆಯೂ ಇಂಥದೇ. ಅವು ಉಳಿಯದಿದ್ದರೆ ಹರಳಯ್ಯನವರು ಅರಸನಿಂದ ಶಿಕ್ಷೆಹೊಂದಿದ ಒಬ್ಬ ಅಪರಾಧಿಯಾಗಿ ಮಾತ್ರ ಉಳಿಯುತ್ತಿದ್ದರು, ಅಥವಾ ಅಷ್ಟೂ ಉಳಿಯುತ್ತಿರಲಿಲ್ಲ.

ಉತ್ತರ ಕನ್ನಡದ ದಟ್ಟವಾದ ಕಾಡು ಶರಣರನ್ನು ಮಡಿಲಿಗೆ ತೆಗೆದುಕೊಂಡಿತು. ಉಳವಿಯ ಆಸುಪಾಸಿನ ಆಕಳಗವಿ, ಮಹಾಮನೆ ಗವಿಗಳು ಅವರು ತಂಗಿದ ತಾಣಗಳೆಂದು ಭಕ್ತರು ತೋರಿಸುತ್ತಾರೆ. ಬಿಟ್ಟುಬಂದ ಮನೆಯ ಹೆಸರನ್ನೇ ಕಲ್ಲಿನ ಗವಿಗೆ ಇಟ್ಟುಕೊಂಡರೆಂಬುದು ಮನಸ್ಸನ್ನು ಕಲಕುವ ಸಂಗತಿ. ಅಲ್ಲಿ ಚನ್ನಬಸವಣ್ಣನವರು ಚಿಕ್ಕ ಪ್ರಾಯದಲ್ಲಿಯೇ ಲಿಂಗೈಕ್ಯರಾದರು. ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ.

ತಮ್ಮನು ಸಂಗಮದಲ್ಲಿ, ಮಗನು ಉಳವಿಯಲ್ಲಿ. ತಾಯಿಯೊಬ್ಬಳು ಮಗನ ಗದ್ದುಗೆಯ ಬಳಿಯಲ್ಲಿಯೇ ಉಳಿದ ದಿನಗಳನ್ನು ಕಳೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಾಗಮ್ಮನವರು ಹಾಗೆ ಮಾಡಲಿಲ್ಲ. ಉಳಿದ ಶರಣರನ್ನು ಕೂಡಿಕೊಂಡು ಮತ್ತೆ ನಡೆದರು. ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಅವರು ಐಕ್ಯರಾದರೆಂದು ಪ್ರತೀತಿಯಿದೆ. ಉಳವಿಯಿಂದ ಅದು ಮತ್ತೆ 200 ಕಿಲೋಮೀಟರಿಗೂ ಹೆಚ್ಚಿನ ದೂರ. ಕಳಚುರಿಗಳ ಆಳಿಕೆ ಆ ಶತಮಾನ ಮುಗಿಯುವ ಮೊದಲೇ ಅಳಿದುಹೋಯಿತು.

ಹೊರಗೊಯ್ದ ವಚನಗಳು ಮಠಗಳ ಗೂಡುಗಳಲ್ಲಿ, ಮನೆಗಳ ಜಗುಲಿಗಳ ಮೇಲೆ ಪೂಜೆಗೊಳ್ಳುತ್ತ ಶತಮಾನಗಳನ್ನು ಕಳೆದವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಷ್ಟು ದೊಡ್ಡ ರಾಶಿಯಲ್ಲಿ ಬಸವಣ್ಣಪ್ರಿಯ ಚೆನ್ನಸಂಗಯ್ಯ ಎಂಬ ಅಂಕಿತವುಳ್ಳ ಅಕ್ಕನಾಗಮ್ಮನವರ ವಚನಗಳು ಹದಿನೈದರ ಆಸುಪಾಸು ಮಾತ್ರ. ಎಲ್ಲರ ಕಟ್ಟುಗಳನ್ನು ಉಳಿಸಲು ದುಡಿದ ತಾಯಿಯ ಪಾಲಿಗೆ ಉಳಿದದ್ದು ಬಲು ಕಡಿಮೆ. ಅಂಕಿತದಲ್ಲಿ ಸಹ ತಮ್ಮನ ಹೆಸರೇ ಮೊದಲು ನಿಂತಿದೆ.