ಎಂಜಿನ್ನಿಗೆ ಹೆಸರಾದ ರುಡಾಲ್ಫ್ ಡೀಸೆಲ್

(ಅಂತಿಮ ಬಿ. ಎ. ವಿದ್ಯಾರ್ಥಿ)

ಒಬ್ಬ ಮನುಷ್ಯನ ಹೆಸರು ದಿನಕ್ಕೆ ಎಷ್ಟೋ ಸಲ ನಮ್ಮ ಬಾಯಲ್ಲಿ ಬಂದುಹೋಗುತ್ತದೆ. ಆದರೆ ಅದು ಮನುಷ್ಯನ ಹೆಸರೆಂಬ ನೆನಪು ಮಾತ್ರ ನಮಗಿಲ್ಲ. ಡೀಸೆಲ್ ಎಂದರೆ ನಮಗೆ ಬಂಕಿನಲ್ಲಿ ಅಳೆದು ಕೊಡುವ ಎಣ್ಣೆ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸಗಳ ಕಡೆಯಿಂದ ಕಾಲೇಜಿಗೆ ಬರುವವರಲ್ಲಿ ಹಳೆಯ ಜೀಪಿನ ಹಿಂಬದಿಯಲ್ಲಿ ನಿಂತು ಪ್ರಯಾಣ ಮಾಡದವರು ವಿರಳ. ಆ ಜೀಪುಗಳಲ್ಲಿ ಬಹಳಷ್ಟು ಹುಟ್ಟಿದಾಗ ಪೆಟ್ರೋಲ್ ಗಾಡಿಗಳು; ಅನಂತರ ಅವುಗಳ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸಲಾಯಿತು. ಹಳೆಯ ಒಡಲಿಗೆ ಹೊಸ ಹೃದಯವನ್ನಿಟ್ಟ ಈ ಕೆಲಸದ ಹಿಂದೆ ಒಬ್ಬ ಮೇಧಾವಿಯ ಬಾಳಿನ ಕಥೆಯಿದೆ. ಅದು ಏಕಕಾಲಕ್ಕೆ ಹೆಮ್ಮೆಯನ್ನೂ ದುಃಖವನ್ನೂ ತರುವಂಥದು.

ರುಡಾಲ್ಫ್ ಡೀಸೆಲ್ 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ತಾಯಿಗಳು ಜರ್ಮನಿಯ ಬವೇರಿಯ ಪ್ರಾಂತದ ಮೂಲದವರು. ತಂದೆಯದು ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಾಗ ಆ ಬಡ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಹನ್ನೆರಡರ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಆಗ್ಸ್‌ಬರ್ಗಿನಲ್ಲಿ ಗಣಿತ ಕಲಿಸುತ್ತಿದ್ದ ಬಂಧುವೊಬ್ಬನ ಮನೆಗೆ ಕಳುಹಿಸಿದರು. ಪರರ ಮನೆಯ ಊಟ, ವಿದ್ಯಾರ್ಥಿವೇತನದ ಆಸರೆ, ಇವುಗಳ ನಡುವೆ ಓದಿದ ಹುಡುಗ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಕಾಯಿಲೆಯಿಂದ ಪರೀಕ್ಷೆ ತಪ್ಪಿದರೂ ಎದೆಗುಂದದೆ 1880ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದನು. ಮನೆತನದಲ್ಲಿ ಮೊದಲಿಗರಾಗಿ ಪದವಿಯ ಹೊಸ್ತಿಲಿಗೆ ಬಂದು ನಿಂತಿರುವ ನಮ್ಮಂಥವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯೂನಿಕ್ಕಿನಲ್ಲಿ ಆತನ ಗುರು ಕಾರ್ಲ್ ಫಾನ್ ಲಿಂಡೆ, ಶೀತಲಯಂತ್ರಗಳ ಪಿತಾಮಹನೆಂದು ಖ್ಯಾತನಾದವನು. ಉಗಿಯಂತ್ರವು ಇಂಧನದಲ್ಲಿರುವ ಶಾಖದ ಹತ್ತು ಪಾಲಿನಲ್ಲಿ ಒಂಬತ್ತನ್ನು ಹಾಳುಮಾಡುತ್ತದೆಂಬ ಸಂಗತಿ ಗುರುವಿನ ಪಾಠದಲ್ಲಿ ಬಂದಾಗ ಶಿಷ್ಯನ ಮನಸ್ಸಿನಲ್ಲಿ ಅದು ಮುಳ್ಳಿನಂತೆ ನಾಟಿತು. ಮುಂದೆ ಗುರುವಿನ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ದುಡಿಯುವಾಗಲೂ ಆ ಮುಳ್ಳು ಕೀಳಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಗಾಳಿಯನ್ನು ಇನ್ನೂ ಬಲವಾಗಿ ಒತ್ತಿದರೆ ಅದು ಕೆಂಡದಂತೆ ಕಾಯುವುದು. ಅದರೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ತಾನಾಗಿ ಹತ್ತಿಕೊಳ್ಳುವುದು. ಡೀಸೆಲ್ ಎಂಜಿನ್ನಿನ ಗುಟ್ಟು ಇಷ್ಟೇ. ಈ ವಿಚಾರಕ್ಕೆ 1892ರಲ್ಲಿ ಆತನು ಹಕ್ಕುಪತ್ರ ಕೋರಿದನು. ಮರುವರ್ಷ ಅದು ದೊರೆಯಿತು.

ವಿಚಾರ ಹೊಳೆಯುವುದು ಬೇರೆ, ಕಬ್ಬಿಣ ಅದಕ್ಕೆ ಒಪ್ಪುವುದು ಬೇರೆ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಮೊದಲ ಪ್ರಯೋಗ ನಡೆದಾಗ ಒತ್ತಡ ಅಳೆಯುವ ಉಪಕರಣ ಸಿಡಿದುಹೋಯಿತು. ಎಂಜಿನ್ ಓಡಲಿಲ್ಲ, ಆದರೆ ಕಿಡಿಯಿಲ್ಲದೆ ಎಣ್ಣೆ ಹತ್ತಿಕೊಂಡಿತ್ತು. ಡೀಸೆಲ್‌ನಿಗೆ ಅಷ್ಟೇ ಸಾಕಾಗಿತ್ತು. 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ತಿರುಗಿತು. ಸರಿಯಾಗಿ ಮೂರು ವರ್ಷಗಳ ಬಳಿಕ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಷ್ರೋಟರ್ ಅದನ್ನು ಪರೀಕ್ಷಿಸಿ ಇಂಧನದ ಶಾಖದಲ್ಲಿ ಶೇಕಡಾ 26ರಷ್ಟು ಕೆಲಸಕ್ಕೆ ಒದಗುತ್ತದೆಂದು ಕಂಡುಕೊಂಡನು. ಉಗಿಯಂತ್ರದ ಗರ್ವ ಅಂದಿಗೆ ಮುರಿಯಿತು.

ಡೀಸೆಲ್‌ನ ಹೃದಯದಲ್ಲಿ ಇನ್ನೊಂದು ಆಸೆಯಿತ್ತು. ದೊಡ್ಡ ಉಗಿಯಂತ್ರವನ್ನು ಕೊಳ್ಳಬಲ್ಲವನು ಧನಿಕ ಮಾತ್ರ. ಆದ್ದರಿಂದ ಸಣ್ಣ ಕುಶಲಕರ್ಮಿಗಳು ಕಾರ್ಖಾನೆಗಳ ಮುಂದೆ ಸೋಲುತ್ತಿದ್ದರು. ಅವರ ಅಂಗಳಕ್ಕೆ ಒಂದು ಸಣ್ಣ ಎಂಜಿನ್ ಬಂದರೆ ಅವರು ತಲೆಯೆತ್ತಿ ಬಾಳಬಹುದೆಂದು ಈತನ ನಂಬಿಕೆ. ಕಾರ್ಮಿಕರು ಒಗ್ಗೂಡಿ ತಮ್ಮ ಕಾರ್ಖಾನೆಗಳಿಗೆ ತಾವೇ ಒಡೆಯರಾಗುವ ಬಗೆಯನ್ನು ಕುರಿತು 1903ರಲ್ಲಿ ಒಂದು ಪುಸ್ತಕವನ್ನೂ ಬರೆದನು. ಲೋಕ ಆ ಪುಸ್ತಕವನ್ನು ತಿರುಗಿಯೂ ನೋಡಲಿಲ್ಲ. ಎಂಜಿನ್ನನ್ನು ಮಾತ್ರ ದೊಡ್ಡ ಬಂಡವಳಗಾರರು ಕೊಂಡರು. ಅದು ವಿದ್ಯುದಾಗಾರಗಳಿಗೂ ಹಡಗುಗಳಿಗೂ ಹೋಯಿತು. ಡೀಸೆಲ್‌ನಿಗೆ ಅಪಾರ ಹಣ ಬಂದಿತು, ಬಂದಂತೆಯೇ ಕರಗಿತು. ಹಕ್ಕುಪತ್ರದ ವ್ಯಾಜ್ಯಗಳು, ಭೂಮಿಯ ವ್ಯಾಪಾರದಲ್ಲಿ ನಷ್ಟ, ಕೆಟ್ಟ ಆರೋಗ್ಯ, ಇವೆಲ್ಲ ಕೂಡಿ ಆತನನ್ನು ಸಾಲದಲ್ಲಿ ಮುಳುಗಿಸಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಎಂಬ ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಗ್ಗೆ ಕಾಣಲಿಲ್ಲ. ಹಲವು ದಿನಗಳ ಮೇಲೆ ಸಮುದ್ರದಲ್ಲಿ ಸಿಕ್ಕಿದ ಶವದ ಜೇಬಿನ ವಸ್ತುಗಳನ್ನು ಮಗನು ಗುರುತಿಸಿದನು. ಅದು ಆತ್ಮಹತ್ಯೆಯೋ ಆಕಸ್ಮಿಕವೋ, ಇಂದಿಗೂ ತೀರ್ಮಾನವಾಗಿಲ್ಲ. ಆಗ ಆತನ ವಯಸ್ಸು 55.

ಡೀಸೆಲ್ ಬದುಕಿದ್ದಾಗ ಆತನ ಎಂಜಿನ್ ಒಂದು ಕಾರಿನೊಳಗೆ ಹಿಡಿಸುವಂಥದಾಗಿರಲಿಲ್ಲ. 1897ರ ಯಂತ್ರ ಎರಡಾಳೆತ್ತರ ಮುಟ್ಟುವಷ್ಟು ದೊಡ್ಡದು, ತೂಕ ನಾಲ್ಕು ಟನ್ನಿಗೂ ಮೇಲು. 1920ರ ದಶಕದಲ್ಲಿ ಅದು ಲಾರಿಗೆ ಬಂದಿತು. ರಾಬರ್ಟ್ ಬಾಷ್‌ನ ಕಾರ್ಖಾನೆ ಎಣ್ಣೆ ಚಿಮ್ಮಿಸುವ ಪಂಪನ್ನು ಮಾರುಕಟ್ಟೆಗೆ ತಂದ ಮೇಲೆ ಮತ್ತಷ್ಟು ಕಿರಿದಾಯಿತು. 1936ರಲ್ಲಿ ಮರ್ಸಿಡಿಸ್ ಕಾರನ್ನೂ ಸೇರಿತು. ಹೀಗೆ ಕಿರಿದಾದ ಎಂಜಿನ್ನೇ ಕಾಲಕ್ರಮದಲ್ಲಿ ನಮ್ಮ ಬೆಟ್ಟಗಳ ಜೀಪಿಗೆ ಬಂದದ್ದು.

ಹಳೆಯ ಗಾಡಿಗೆ ಹೊಸ ಎಂಜಿನ್ ಹಾಕುವ ಹವ್ಯಾಸ ಲೋಕದಲ್ಲೆಲ್ಲ ಇದೆ. ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎ.ಸಿ. ಎಂಬ ಹಗುರವಾದ ಸ್ಪೋರ್ಟ್ಸ್ ಕಾರಿಗೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನ್ ಹೂಡಿ ಪಂದ್ಯಗಳಲ್ಲಿ ಹೆಸರು ಮಾಡಿದನು. ಅಲ್ಲಿ ಬೇಕಾಗಿದ್ದುದು ವೇಗ. ನಮ್ಮ ಕಾಫಿ ಬೆಟ್ಟಗಳಲ್ಲಿ ಬೇಕಾಗಿದ್ದುದು ಮಿತವ್ಯಯ. ವಿಲ್ಲೀಸ್ ಜೀಪಿನ 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿಗೆ ಬಲದ ಕೊರತೆ ಇರಲಿಲ್ಲ. ಹಸಿವು ಮಾತ್ರ ವಿಪರೀತ. 1973ರ ಬಳಿಕ ಪೆಟ್ರೋಲ್ ತುಟ್ಟಿಯಾದಾಗ ಸಣ್ಣ ಹಿಡುವಳಿದಾರನಿಗೆ ಅದನ್ನು ಸಾಕುವುದು ದುಸ್ತರವಾಯಿತು. 1979ರಲ್ಲಿ ಮಹೀಂದ್ರ ಕಂಪನಿ ಫ್ರಾನ್ಸಿನ ಪೆಜೊ ಡೀಸೆಲ್ ಎಂಜಿನ್ನನ್ನು ಭಾರತದಲ್ಲೇ ತಯಾರಿಸಲು ಒಪ್ಪಂದ ಮಾಡಿಕೊಂಡಿತು. ಮುಂದೆ ಅಂಥ ಎಂಜಿನ್ನುಗಳು ಹಳೆಯ ಜೀಪುಗಳಿಗೂ ಒದಗಿದವು. ಇನ್ನೊಂದು ಅನುಕೂಲವೂ ಇತ್ತು. ಆಷಾಢದ ಮಳೆಯಲ್ಲಿ ಕಿಡಿ ಹಂಚುವ ಭಾಗಕ್ಕೆ ನೀರು ತಗುಲಿದರೆ ಪೆಟ್ರೋಲ್ ಗಾಡಿ ನಿಂತಲ್ಲೇ ನಿಲ್ಲುವುದು. ಕಿಡಿಯೇ ಬೇಡದ ಡೀಸೆಲ್‌ಗೆ ಆ ಭಯವಿಲ್ಲ.

ಕೆಲಸವೇನೂ ಸುಲಭದ್ದಲ್ಲ. ಹೊಸ ಎಂಜಿನ್ನನ್ನು ಹಳೆಯ ಗೇರ್ ಪೆಟ್ಟಿಗೆಗೆ ಜೋಡಿಸಲು ನಡುವೆ ಒಂದು ದಪ್ಪ ತಗಡನ್ನು ಕೊರೆದು ಕೂರಿಸಬೇಕು. ಎಂಜಿನ್ ಕೂರುವ ಕಾಲುಗಳನ್ನು ಚಾಸಿಗೆ ಹೊಸದಾಗಿ ಬೆಸೆಯಬೇಕು. ಭಾರ ಹೆಚ್ಚಾದರೆ ಮುಂದಿನ ಸ್ಪ್ರಿಂಗಿಗೆ ಪಟ್ಟಿ ಸೇರಿಸಬೇಕು. ಗಾಳಿಯನ್ನು ಅಷ್ಟು ಬಿಗಿಯಾಗಿ ಒತ್ತುವ ಎಂಜಿನ್ನನ್ನು ತಿರುಗಿಸಲು ದೊಡ್ಡ ಬ್ಯಾಟರಿ ಬೇಕು. ಕಡೆಗೆ ಕಾನೂನು: 1988ರ ಮೋಟಾರು ವಾಹನ ಕಾಯಿದೆಯಂತೆ ಅಧಿಕಾರಿಗಳ ಒಪ್ಪಿಗೆ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ದಾಖಲೆಗೆ ಏರಿಸಬೇಕು. ಯಾವ ಕಾಲೇಜಿನ ಮುಖವನ್ನೂ ಕಾಣದ ಮೆಕ್ಯಾನಿಕ್ಕರು ಕಣ್ಣಳತೆಯಿಂದಲೇ ಈ ವಿದ್ಯೆಯನ್ನು ಸಾಧಿಸಿದರು. ಅವರು ಹೊಂದಿಸಿದ ಜೀಪು ಕಾಫಿ ಮೂಟೆಯನ್ನು ಹೊತ್ತಿತು, ಹೆರಿಗೆಯ ನೋವಿನಲ್ಲಿದ್ದ ತಾಯಂದಿರನ್ನು ಆಸ್ಪತ್ರೆಗೆ ಮುಟ್ಟಿಸಿತು. ಹೂಮಳೆ ಕೈಕೊಟ್ಟ ವರ್ಷ ಕೆರೆಯ ನೀರನ್ನೆತ್ತಿ ಕಾಫಿ ಗಿಡಗಳಿಗೆ ಎರಚುವ ಪಂಪಿನಲ್ಲೂ ದುಡಿಯುವುದು ಆ ರಟ್ಟುಗಾರನ ಮಗನ ಕಲ್ಪನೆಯೇ. ಬಡವನ ಅಂಗಳಕ್ಕೊಂದು ಎಂಜಿನ್ ಎಂಬ ಆತನ ಕನಸು, ಆತನ ಕಣ್ಣು ಕಾಣದ ಈ ಮಲೆನಾಡಿನಲ್ಲಿ ಒಂದಿಷ್ಟು ನನಸಾಯಿತೆನ್ನಬೇಕು.

ಹೊಗಳಿಕೆಯ ಜೊತೆಗೆ ಸತ್ಯವನ್ನೂ ಹೇಳಬೇಕು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ಸಾರಿತು. ಆದರೆ ದಾರಿಯ ಸುಳಿವನ್ನೂ ಡೀಸೆಲ್‌ನ ಕಾಲವೇ ಕೊಟ್ಟಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಬಗೆಯ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಸಸ್ಯದ ಎಣ್ಣೆಗೆ ಮುಂದೆ ಬೆಲೆ ಬರುವುದೆಂದು ಆತನು 1912ರಲ್ಲಿ ಸೂಚಿಸಿದ್ದನು. ನಮ್ಮ ರಾಜ್ಯದಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ಓಡಿಸಿ ತೋರಿಸಿದ್ದಾರೆ.

ಯಂತ್ರವನ್ನು ನಿರ್ಮಿಸಿದವನು ಅದರ ಹಾದಿಯನ್ನು ನಿರ್ಧರಿಸಲಾರ. ಅದನ್ನು ಕೈಗೆತ್ತಿಕೊಂಡವರು ನಿರ್ಧರಿಸುತ್ತಾರೆ. ಡೀಸೆಲ್‌ನ ಜೀವನದಿಂದ ನಾವು ಕಲಿಯಬೇಕಾದ ಪಾಠ ಇದು. ವಿದ್ಯೆಯ ಮಾತೂ ಹಾಗೆಯೇ. ಅದು ಯಾರ ಅಂಗಳವನ್ನು ಮುಟ್ಟಬೇಕೆಂಬುದನ್ನು ತೀರ್ಮಾನಿಸುವ ಹೊಣೆ ಪದವಿ ಪಡೆದು ಹೊರಡುವ ನಮ್ಮ ಮೇಲಿದೆ.