ಮಂಗನ ಕಾಯಿಲೆಯ ಮೂಲವನ್ನರಸಿದ ಡಾ. ಟೆಲ್‌ಫರ್ಡ್ ವರ್ಕ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸೊಪ್ಪು, ತರಗೆಲೆಗೆಂದು ಕಾಡು ಹೊಗುವ ನಾವು ಮಂಗನ ಕಾಯಿಲೆಯ ಭಯವನ್ನು ಬಲ್ಲೆವು. ಅದರ ಮೂಲವನ್ನು ಅರಸಿದವರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಡಾ. ಟೆಲ್‌ಫರ್ಡ್ ವರ್ಕ್ ಪ್ರಮುಖರು. 1921ರಲ್ಲಿ ಜನಿಸಿದ ಅವರು ಫಿಜಿಯಲ್ಲಿ ಆನೆಕಾಲು ರೋಗವನ್ನೂ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಾಣುವನ್ನೂ ಅಭ್ಯಸಿಸಿ, ಬಳಿಕ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗರು ಜ್ವರಕ್ಕೆ ತುತ್ತಾದಾಗ, ಹಳದಿ ಜ್ವರವಿರಬಹುದೆಂಬ ಶಂಕೆ ಮೂಡಿತು. ವರ್ಕ್ ಮತ್ತು ಅವರ ಸಂಗಡಿಗರು ರೋಗಿಗಳ ರಕ್ತವನ್ನೂ ಸತ್ತ ಮಂಗಗಳನ್ನೂ ಉಣುಗುಗಳನ್ನೂ ಪರೀಕ್ಷಿಸಿ, ಉಣುಗಿನಿಂದ ಹರಡುವ ಹೊಸ ವೈರಾಣುವನ್ನು ಗುರುತಿಸಿದರು. ಅದು ರಷ್ಯಾದ ಮೆದುಳು ಜ್ವರದ ವೈರಾಣುವಿನ ಕುಲಕ್ಕೆ ಸೇರಿತ್ತು. ಪಕ್ಷಿಪ್ರಿಯರೂ ಆಗಿದ್ದ ವರ್ಕ್, ವಲಸೆ ಹಕ್ಕಿಗಳು ಅದನ್ನು ತಂದಿರಬಹುದೆಂದು ಊಹಿಸಿದರು. ಊಹೆ ದೃಢಪಡಲಿಲ್ಲ, ಆದರೆ ಅದರ ಫಲವಾಗಿ ಸಲೀಂ ಅಲಿಯವರ ಹಕ್ಕಿ ವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆಯಿತು.

ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು 1995ರಲ್ಲಿ ನಿಧನರಾದರು. ಮನುಷ್ಯ, ಮಂಗ, ಹಕ್ಕಿ, ಉಣುಗುಗಳನ್ನು ಒಂದೇ ಬದುಕಿನ ಬಳ್ಳಿಯಾಗಿ ಕಂಡದ್ದು ಅವರ ಹಿರಿಮೆ. ಸತ್ತ ಮಂಗ ಕಂಡರೆ ಮುಟ್ಟದೆ, ಒಡನೆಯೇ ಆರೋಗ್ಯ ಇಲಾಖೆಗೆ ತಿಳಿಸೋಣ. ಅವರ ದುಡಿಮೆಗೆ ಸಲ್ಲುವ ಗೌರವವೂ ನಮ್ಮ ಮನೆಗಳ ರಕ್ಷಣೆಯೂ ಅದರಲ್ಲಿದೆ.